ಆಷಾಢ ಲೆಕ್ಕಕ್ಕೆ ಬರುವುದಿಲ್ಲವಂತೆ

"ಸರ್, ಆಷಾಢವನ್ನೆಲ್ಲ ಲೆಕ್ಕಕ್ಕೆ ತಗೋಬಾರದು." ಸೋಮವಾರ ಶಿವಮೊಗ್ಗದ ಸೋಲಾರ್ ಅಂಗಡಿಯಲ್ಲಿ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಸೋಲಾರ್ ಹಾಕಬೇಕು, ಆದಷ್ಟು ನಾವೇ ಮಾಡಿಕೊಳ್ಳಬೇಕು ಅಂತ ಆಸೆ. ಸಾಮಾನಿನ ರೇಟು ವಿಚಾರಿಸಲು ಹೋಗಿದ್ದೆ. ಅಂಗಡಿಯವರು ಕ್ಯಾಲ್ಕುಲೇಟರ್ ತೆಗೆದರು. "3 ಕಿಲೋವ್ಯಾಟ್ ಹಾಕ್ಸಿ. ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್, ಒಟ್ಟು 12 ಪಕ್ಕಾ. 78,000 ಸಬ್ಸಿಡಿ ಬೇರೆ." ಆಷಾಢದಲ್ಲಿ ಎಷ್ಟು ಬರುತ್ತದೆ ಅಂತ ಕೇಳಿದೆ. ಆಗ ಬಂದ ಮಾತು ಅದು. "ವರ್ಷದ ಸರಾಸರಿ ನೋಡಿ ಸರ್" ಅಂತಲೂ ಸೇರಿಸಿದರು.

ಮನುಷ್ಯ ಒಳ್ಳೆಯವರೇ. ಟೀ ತರಿಸಿದರು, ಯಾವ ವೈರ್ ಎಷ್ಟು ದಪ್ಪ ಇರಬೇಕು ಅಂತ ತಾಳ್ಮೆಯಿಂದ ಹೇಳಿದರು. ಆದರೆ ಸರಾಸರಿ ಯಾರ ಮನೆಯಲ್ಲಿ ದೀಪ ಹಚ್ಚುತ್ತದೆ?

ನಮ್ಮಲ್ಲಿ ಫೆಬ್ರವರಿಯಲ್ಲಿ ಬಿಸಿಲೂ ಇದೆ, ಕರೆಂಟೂ ಇದೆ. ಗೃಹಜ್ಯೋತಿ ಬಂದ ಮೇಲೆ ಸಣ್ಣ ಬಳಕೆಯ ಮನೆಗೆ ಬಿಲ್ಲಿನ ಚಿಂತೆಯೂ ಇಲ್ಲ. ಕತ್ತಲಾಗುವುದು ಮಳೆಗಾಲದಲ್ಲಿ. ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕೇಳುವ ಹಾಗೇ ಇಲ್ಲ. ಸಬ್ಸಿಡಿಯ ಸೋಲಾರ್ ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನ್‌ಗೆ, ಸೇರಿಸುವಂಥದ್ದು. ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ತಂತಿ ಮುಟ್ಟಿದ ಲೈನ್‌ಮನ್ ಜೀವಕ್ಕೇ ಅಪಾಯ. ಹಾಗಾಗಿ ಆ ನಿಯಮ ಸರಿ. ಆದರೆ ಅದನ್ನು ಮಾರುವಾಗಲೇ ಹೇಳಬೇಕಲ್ವಾ? ಕರೆಂಟ್ ಹೋದ ರಾತ್ರಿಯೇ ಗೊತ್ತಾಗಬೇಕಾ?

ಅಮ್ಮನ ಹತ್ತಿರ ಕೂತು ಮಳೆಗಾಲಕ್ಕೆ ಏನೇನು ಬೇಕು ಅಂತ ಬರೆದೆ. ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಜಗಲಿಗೆ 9 ವ್ಯಾಟಿನ ಬಲ್ಬು. ಮೊಬೈಲ್ ಚಾರ್ಜು. ವೈಫೈ. ಚಟ್ನಿಗೆ ಹತ್ತು ನಿಮಿಷ ಮಿಕ್ಸಿ. ಫ್ಯಾನ್ ಕೇಳಿದ್ದಕ್ಕೆ, "ಆ ಚಳಿಗೆ ಫ್ಯಾನ್ ಯಾಕೋ?" ಅಂದಳು. ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಯೂನಿಟ್ ಒಳಗೇ ಮುಗಿಯುತ್ತದೆ! 540 ವ್ಯಾಟಿನ ಎರಡು ಪ್ಯಾನೆಲ್ ಇಟ್ಟು, ಮೋಡದ ದಿನ ಅಂಗಡಿಯ ಲೆಕ್ಕದ ಕಾಲು ಭಾಗ ಬಂದರೂ 1 ಯೂನಿಟ್ ಆಯಿತು. ಏನೂ ಬಾರದ ದಿನಗಳಿಗೆ 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿ. ಅರ್ಧ ಮಾತ್ರ ಖಾಲಿ ಮಾಡಿದರೂ ಎರಡು ದಿನ ತಳ್ಳಬಹುದು. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟ್ ಮಾಡುತ್ತೇನೆ. 12 ವೋಲ್ಟ್ ಆದರೆ ಅಷ್ಟೇ ಕೆಲಸಕ್ಕೆ ದುಪ್ಪಟ್ಟು ಆಂಪಿಯರ್ ಹರಿಯುತ್ತದೆ, ವೈರ್ ಇನ್ನೂ ದಪ್ಪ ಬೇಕು. ಪ್ಯಾನೆಲ್ ಹಂಚಿನ ಮೇಲೆ ಬೇಡ, ಮಂಗಗಳ ಕಾಟ. ಅಡಿಕೆ ಒಣಗಿಸುವ ಅಂಗಳದ ಅಂಚಿಗೆ, ದಕ್ಷಿಣಕ್ಕೆ ಮುಖ ಮಾಡಿ ಕಬ್ಬಿಣದ ಸ್ಟ್ಯಾಂಡ್. ಪಾಚಿ ನಿಲ್ಲದಂತೆ ಸ್ವಲ್ಪ ಜಾಸ್ತಿಯೇ ಓರೆ. ಗುಡುಗು ಸಿಡಿಲಿನ ಊರು, ಅರ್ಥಿಂಗ್‌ನಲ್ಲಿ ಮಾತ್ರ ಒಂದು ರೂಪಾಯಿ ಉಳಿಸುವುದಿಲ್ಲ.

ಇಷ್ಟೆಲ್ಲ ಬರೆಯುವಾಗಲೂ ಅವರ ಮಾತೇ ಕಿವಿಯಲ್ಲಿತ್ತು. ಆಷಾಢ ಲೆಕ್ಕಕ್ಕೆ ಬೇಡ. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಆ ಬಯಲಿಗೆ ಸರಾಸರಿ ಸಾಕು. ಆಗುಂಬೆ ಪಕ್ಕದ ಊರಿಗೂ ಅದೇ ಸೂತ್ರ ಹೇಳಿದರೆ ಹೇಗೆ? ಸೋಲಾರ್ ಒಂದೇ ಅಲ್ಲ. ಮಳೆಗೆ ಕೊಚ್ಚಿಹೋಗುವ ರಸ್ತೆ, ಬಾರದ ಬಸ್ಸು, ಸಿಗದ ನೆಟ್‌ವರ್ಕ್ ಎಲ್ಲದರಲ್ಲೂ ವರ್ಷದ ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಆ ಒಂದು ರಾತ್ರಿ ಅದರೊಳಗೆ ಕಾಣುವುದೇ ಇಲ್ಲ. ನಮಗೆ ಬೇಕಾದದ್ದು ಆ ರಾತ್ರಿಯ ಲೆಕ್ಕ.

ಬ್ಯಾಟರಿ ಎಲ್ಲಿಡುವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ಒಲೆ ಪಕ್ಕ ಬೆಚ್ಚಗಿರುತ್ತದೆ ಅಂತ ಅಮ್ಮನ ವಾದ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಬೆಂಕಿ ಹತ್ತಿರ ಕೂಡದು ಅಂತ ನಾನು. ಗಾಳಿಯಾಡುವ ಜಗಲಿಯ ಮೂಲೆಗೆ ಅವಳನ್ನು ಒಪ್ಪಿಸಬೇಕು.