ಚೈನು ಪದೇ ಪದೇ ಕಟ್ಟಾಗುತ್ತಾ? ತುಂಡಾದ ಕೊಂಡಿ ಎಸೆಯಬೇಡಿ

ಚಾಮುಂಡಿ ಬೆಟ್ಟ ಹತ್ತುವ ಹುಡುಗರಿಂದಾಗಿ ಮೈಸೂರಿನ ಗೇರ್ ಸೈಕಲ್ ಮೆಕ್ಯಾನಿಕ್‌ಗಳಿಗೆ ಚೈನಿನ ಕೆಲಸ ಜಾಸ್ತಿ. 'ಅಣ್ಣಾ, ಮತ್ತೆ ಕಟ್ಟಾಯ್ತು' ಅಂತ ಯಾರಾದರೂ ಎಂಟಿಬಿ (ಬೆಟ್ಟಗುಡ್ಡಕ್ಕೆ ಓಡಿಸುವ ಮೌಂಟನ್ ಬೈಕ್) ತಳ್ಳಿಕೊಂಡು ಬಂದರೆ ನಾನು ಮೊದಲು ಕೇಳುವುದು, ತುಂಡಾದ ಕೊಂಡಿ ಎಲ್ಲಿ ಅಂತ. ತುಂಬಾ ಜನ ಅದನ್ನು ರಸ್ತೆಯಲ್ಲೇ ಎಸೆದಿರುತ್ತಾರೆ. ಯಾಕೆ ಕಿತ್ತಿತು ಅನ್ನುವುದು ಅದನ್ನು ನೋಡಿದರೇ ಗೊತ್ತಾಗುವುದು.

ಮೊನ್ನೆ ಬಂದ ಕಾಲೇಜು ಹುಡುಗ ಮಾತ್ರ ಜೇಬಲ್ಲೇ ಇಟ್ಟುಕೊಂಡಿದ್ದ. ಬೆಳಕಿಗೆ ಹಿಡಿದು ನೋಡಿದೆ. ಪ್ಲೇಟು ಎಲ್ಲೂ ಸೀಳಿರಲಿಲ್ಲ. ಹೊರಗಿನ ಪ್ಲೇಟು ಪಿನ್ನಿನಿಂದ ಕಳಚಿಕೊಂಡು ಆಚೆಗೆ ಬಾಗಿತ್ತು, ಅಷ್ಟೇ. ಪಕ್ಕದ ಪಿನ್ನುಗಳ ತಲೆ ಒತ್ತಿ ಅಗಲ ಮಾಡಿದ ಹಾಗಿತ್ತು. ಈ ಪಿನ್ನಿನ ತಲೆ ನುಣ್ಣಗೆ.

ಆ ಅಗಲ ತಲೆಯೇ ಪ್ಲೇಟು ಜಾರದ ಹಾಗೆ ಹಿಡಿಯುವುದು. ಫ್ಯಾಕ್ಟರಿಯಲ್ಲಿ ಪಿನ್ ಕೂರಿಸಿದ ಮೇಲೆ ಒತ್ತಿರುತ್ತಾರೆ. ಪಿನ್ ಹೊರಗೆ ತಳ್ಳುವ ಚೈನ್ ಕಟರ್‌ನಲ್ಲಿ ಒಂದು ಸಲ ತಳ್ಳಿದರೆ ತಲೆ ಕೆರೆದು ಹೋಗುತ್ತದೆ, ಪ್ಲೇಟಿನ ತೂತೂ ಸಡಿಲವಾಗುತ್ತದೆ. ಅದೇ ಪಿನ್ ವಾಪಸ್ ಹೊಡೆದರೆ ನೋಡಲಿಕ್ಕೆ ಚೆನ್ನಾಗಿರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುತ್ತಾ ಗೇರ್ ಬದಲಿಸಿದರೆ ಮುಗೀತು. ಹಳೇ ಗೇರಿಲ್ಲದ ಸೈಕಲ್ಲಿಗೆ ಇದು ನಡೆಯುತ್ತಿತ್ತು. ಆ ಚೈನು ದಪ್ಪ, ನೇರವಾಗಿ ಓಡುತ್ತದೆ, ಪಕ್ಕಕ್ಕೆ ಎಳೆತ ಇರುವುದಿಲ್ಲ. ಹಿಂದಿನ ಚಕ್ರದಲ್ಲಿ 8 ಗೇರ್ ಇರುವ ಸೈಕಲ್ಲಿನ ಚೈನು ಸುಮಾರು 7 ಮಿಲಿಮೀಟರ್ ಅಗಲ, 11 ಗೇರಿನದು ಐದೂವರೆ ಅಷ್ಟೇ. ಪಿನ್ನಿಗೆ ಹಿಡಿತವೇ ಕಮ್ಮಿ.

ಅದಕ್ಕೇ ನಾನು ಜೋಡಿಸುವುದು ಕ್ವಿಕ್ ಲಿಂಕ್‌ನಲ್ಲಿ, ಅಂದರೆ ಪಿನ್ ಹೊಡೆಯದೆ ಸಿಕ್ಕಿಸುವ ಜೋಡಣೆ ಕೊಂಡಿಯಲ್ಲಿ. ಅದೂ ಅಳತೆಗೆ ಸರಿಯಾಗಿದ್ದರೆ ಮಾತ್ರ. 9 ಗೇರಿನ ಲಿಂಕ್ 8ಕ್ಕೆ ಕೂರುವುದಿಲ್ಲ.

ಆದರೆ ಲಿಂಕ್ ಹಾಕಿ ಆ ಹುಡುಗನನ್ನು ಕಳಿಸಿಬಿಡುವ ಹಾಗಿರಲಿಲ್ಲ. ಚೈನು ಕಿತ್ತಾಗಲೆಲ್ಲ ಮೊದಲು ರಿಪೇರಿ ಮಾಡಿದವರು ಹಾಳಾದ ಕೊಂಡಿ ತೆಗೆದು ಉಳಿದದ್ದನ್ನು ಜೋಡಿಸಿಕೊಟ್ಟಿದ್ದರಂತೆ. ಹೀಗೆ ಮಾಡಿದರೆ ಚೈನು ಗಿಡ್ಡ ಆಗುತ್ತಾ ಹೋಗುತ್ತದೆ, ಅಲ್ವಾ? ಮುಂದೆ ದೊಡ್ಡ ಹಲ್ಲುಚಕ್ರ, ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಕೈಯಲ್ಲೇ ನಿಧಾನವಾಗಿ ಹಾಕಿ ನೋಡಿದೆ. ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಸರಿಸುವ ಹಿಂದಿನ ಭಾಗ) ಮುಂದಕ್ಕೆ ಎಳೆದುಕೊಂಡು ಬಿಗಿದು ನಿಂತಿತು. ಅದರಲ್ಲೇ ಜೋರಾಗಿ ತುಳಿದಿದ್ದರೆ ಡಿರೇಲರೇ ಕಿತ್ತು ಬರುತ್ತಿತ್ತು. ಇದು ನನಗೆ ಚೈನಿಗಿಂತ ದೊಡ್ಡ ಚಿಂತೆ. ಬೆಟ್ಟದ ತಿರುವಿನಲ್ಲಿ ಹುಡುಗ ಬಿದ್ದರೆ ಏನು ಗತಿ?

ಹಿಂದಿನಿಂದ ಕೂತು ನೋಡಿದರೆ ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು, ಒಳಕ್ಕೆ ವಾಲಿತ್ತು. ಸೈಕಲ್ ಬಲಕ್ಕೆ ಬಿದ್ದಿತ್ತಾ ಅಂದೆ, ಹೌದು ಅಂದ. ಹ್ಯಾಂಗರ್ ವಾಲಿದರೆ ಗೇರ್ ಸರಿಯಾಗಿ ಕೂರುವುದಿಲ್ಲ, ಚೈನು ಅಡ್ಡಡ್ಡ ಎಳೆಯುತ್ತದೆ. ಅದನ್ನು ನೇರ ಮಾಡಿದೆ.

ಆಮೇಲೆ ಸ್ಕೇಲ್ ಹಿಡಿದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸಬೇಕು. ಎಂಟನೇ ಒಂದು ಬಂತು ಅಂದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಸುಮ್ನೆ ಹೊಸ ಚೈನು ಹಾಕಿದರೆ ಜಾರುತ್ತದೆ. ಇವನದು ಹದಿನಾರನೇ ಒಂದು ದಾಟಿತ್ತು, ಎಂಟನೇ ಒಂದು ಮುಟ್ಟಿರಲಿಲ್ಲ. ಚೈನು ಮಾತ್ರ ಬದಲಿಸಿದೆ.

ಮಂಡ್ಯ ಕಡೆ ನಾಲೆ ಏರಿ ಮೇಲೆ ಓಡಿಸುವವರ ಕಥೆ ಬೇರೆ. ಅಲ್ಲಿ ಕೆಸರು, ತುಕ್ಕು. ಅಂಥ ಚೈನಿನಲ್ಲಿ ಪ್ಲೇಟೇ ಬಿರುಕು ಬಿಟ್ಟಿದ್ದರೆ ಜೋಡಿಸಲಿಕ್ಕೆ ಹೋಗಬೇಡಿ, ಪೂರ್ತಿ ಬದಲಿಸಿ.

ಬೆಟ್ಟ ಹತ್ತುವವರು ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ. ಏರಿನ ಮಧ್ಯೆ ಬದಲಿಸಲೇಬೇಕಾದರೆ ಒಂದು ಸುತ್ತು ಪೆಡಲ್ ಹಗುರವಾಗಿ ತುಳಿದು ಬದಲಿಸಿ. ನಿಮ್ಮ ಗೇರಿನ ಅಳತೆಯ ಒಂದು ಕ್ವಿಕ್ ಲಿಂಕ್ ಸೀಟಿನ ಕೆಳಗಿನ ಬ್ಯಾಗಿನಲ್ಲಿ ಇರಲಿ.