ವೈರಮುಡಿಗೆ ಹೋಗುವಾಗ ಒಂದು ಕಟ್ಟು

ವೈರಮುಡಿ ದಿನ ಅಪ್ಪ ಕತ್ತಲಿರುವಾಗಲೇ ತಲೆಗೆ ನೀರು ಹಾಕಿಕೊಂಡು, ಕರಿಕೋಟು ತೋಳಿನ ಮೇಲೆ ಇಳಿಬಿಟ್ಟುಕೊಂಡು ಮಂಡ್ಯದ ಖಜಾನೆ ಕಡೆ ನಡೆಯುತ್ತಿದ್ದರು. ಮೇಲುಕೋಟೆಯ ಚೆಲುವನಾರಾಯಣನ ವಜ್ರದ ಕಿರೀಟ ವೈರಮುಡಿ, ಮೈಸೂರಿನ ರಾಜ ಒಡೆಯರು ಒಪ್ಪಿಸಿದ ಕಿರೀಟ ರಾಜಮುಡಿ, ಎರಡೂ ಜಿಲ್ಲಾ ಖಜಾನೆಯಲ್ಲಿರುತ್ತವೆ. ಹಬ್ಬಕ್ಕೆ ಅಧಿಕಾರಿಗಳು, ಸ್ಥಾನಿಕರು, ಅರ್ಚಕರು ಸೇರಿ ಪೆಟ್ಟಿಗೆಗಳನ್ನು ಹೊರಗೆ ತರುತ್ತಾರೆ. ಪೊಲೀಸು ಕಾವಲಿನಲ್ಲಿ ಹೂವಿನ ಗಾಡಿ ಹೊರಡುತ್ತದೆ. ಜನ ಕೈಮುಗಿಯುತ್ತಿದ್ದರೆ ಅಪ್ಪ ಕತ್ತು ಉದ್ದ ಮಾಡಿ ಪೆಟ್ಟಿಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ನೋಡುತ್ತಿದ್ದರು. ಆಮೇಲೆ ಕೈಮುಗಿದು ನೇರ ಕೋರ್ಟಿಗೆ.

ಅವರು ಸೆಷನ್ಸ್ ಕೋರ್ಟಿನ ವಕೀಲರು. ಆಸ್ತಿ ವ್ಯಾಜ್ಯವನ್ನು ಹೆಚ್ಚು ಮುಟ್ಟಿದವರಲ್ಲ. ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡು ಪಾಟಿ ಸವಾಲು ಮಾಡುವುದೇ ಅವರ ಕಸುಬು. ದನಿ ಏರಿಸುತ್ತಿರಲಿಲ್ಲವಂತೆ, ಗುಮಾಸ್ತ ಮಾವ ಹೇಳುವುದು. "ಮುದ್ದೆಮಾಲು ಯಾರ ವಶದಲ್ಲಿತ್ತು? ಮೊಹರು ಯಾವಾಗ ಹಾಕಿದ್ರಿ? ಪಂಚರ ಎದುರಿಗೇ ಹಾಕಿದ್ರಾ?" ಈ ಮೂರನ್ನೇ ತಿರುಗಿಸಿ ತಿರುಗಿಸಿ ಕೇಳುವರಂತೆ. ಮಾಲು ಸಿಕ್ಕ ಜಾಗದಿಂದ ಕೋರ್ಟಿನ ಮೇಜಿನವರೆಗೆ ನಡುವೆ ಒಂದೇ ಒಂದು ದಿನ ಅದು ಎಲ್ಲಿತ್ತೆಂದು ಹೇಳಲಾಗದಿದ್ದರೆ, ಆ ಸಂದಿಯಲ್ಲಿ ಒಬ್ಬ ಮನುಷ್ಯನ ಬದುಕು ನುಸುಳಿ ಹೊರಗೆ ಬರಬಹುದು. ಅಂಥವರಿಗೆ ವೈರಮುಡಿಯ ಪೆಟ್ಟಿಗೆ ಯಾಕೆ ಅಷ್ಟು ಇಷ್ಟವಾಯಿತೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಮಾತ್ರ ಬೇರೆಯೇ ಮನುಷ್ಯ. ಅವರೆ ಕಾಲದಲ್ಲಿ ಅವ್ವನ ಎದುರು ಚಕ್ಕಳಮಕ್ಕಳ ಕೂತು, ನೆನೆಹಾಕಿದ ಕಾಳನ್ನು ಪಟಪಟ ಹಿತುಕುತ್ತ ಮಾರನೆಯ ದಿನದ ಸವಾಲುಗಳನ್ನೆಲ್ಲ ಅವಳಿಗೆ ಒಪ್ಪಿಸುವರು. ಕಕ್ಷಿದಾರನ ಹೆಸರಿಲ್ಲ, ಊರಿಲ್ಲ, ಬರೀ "ಒಬ್ಬ" ಮತ್ತು "ಇನ್ನೊಬ್ಬ". ಅವ್ವ ಓದಿದ್ದು ಏಳನೇ ಕ್ಲಾಸು. ಒಂದು ಸಲ ತಲೆ ಎತ್ತದೆ, "ಅಮಾಸೆ ರಾತ್ರಿ ಅಂತೀರಿ, ಅಷ್ಟು ದೂರದಿಂದ ಅವನ ಅಂಗಿ ಬಣ್ಣ ಹೆಂಗೆ ಕಾಣ್ತು?" ಅಂದಳು. ಅಪ್ಪ ಕೈಯಲ್ಲಿದ್ದ ಕಾಳು ಬಿಟ್ಟು ಪಂಚಾಂಗ ಹುಡುಕಲು ಎದ್ದರು. ಆ ಕೇಸು ಏನಾಯಿತೋ ನನಗೆ ಗೊತ್ತಿಲ್ಲ, ಸಾರು ಮಾತ್ರ ಆವತ್ತು ತಡವಾಯಿತು.

ಗೆಲುವಿಗಾಗಿ ಹರಕೆ ಹೊತ್ತವರಲ್ಲ. "ಆ ಕಡೆಯವರದ್ದೂ ಇದೇ ಮನೆದೇವ್ರು ಕಣವ್ವ. ಇಬ್ರೂ ಹರಕೆ ಹೊತ್ರೆ ಚಲುವರಾಯ ಯಾರ ಕಡೆ ವಕಾಲತ್ತು ಹಾಕ್ತಾನೆ?" ಎನ್ನುವರು.

ಸಂಜೆ ಮೇಲುಕೋಟೆಗೆ ಹೋಗುವ ಬಸ್ಸಿನಲ್ಲಿ ನಮಗೆ ಕಿರೀಟದ ಕತೆ ಹೇಳುತ್ತಿದ್ದರು, ಅದೂ ಎಫ್‌ಐಆರ್‌ನ ಹಾಗೆ. ಕಳವಾದ ಜಾಗ, ಕ್ಷೀರಸಾಗರ. ಆರೋಪಿ, ಪ್ರಹ್ಲಾದನ ಮಗ ವಿರೋಚನ. ಮಾಲು ಸಿಕ್ಕಿದ್ದು ಪಾತಾಳದಲ್ಲಿ, ಪತ್ತೆ ಮಾಡಿದವನು ಗರುಡ. "ಆದ್ರೆ ಗರುಡ ಒಂದು ಎಡವಟ್ಟು ಮಾಡ್ದ. ವಿಷ್ಣುವಿನ ಮಾಲು ತಂದು ದಾರೀಲಿ ಕೃಷ್ಣನ ತಲೆಗಿಟ್ಟ, ಕೃಷ್ಣ ಅದನ್ನ ಚಲುವರಾಯನಿಗೆ ತೊಡಿಸ್ದ. ನನ್ನ ಕೈಗೆ ಸಿಕ್ಕಿದ್ರೆ ಗರುಡನ್ನ ಕಟಕಟೇಲಿ ಬೆವರಿಳಿಸ್ತಿದ್ದೆ." ಮೂವರೂ ಒಬ್ಬನೇ ಅಲ್ಲವೇ ಎಂದು ತಮ್ಮ ಕೇಳಿದರೆ, "ಅದ್ಕೇ ಕೇಸು ನಿಲ್ಲಲಿಲ್ಲ" ಎಂದು ನಗುವರು.

ರಾಮಾನುಜರ ಕತೆಗೆ ಬಂದಾಗ ಈ ಕುಶಾಲು ಇರುತ್ತಿರಲಿಲ್ಲ. ಉತ್ಸವಮೂರ್ತಿಯನ್ನು ದೆಹಲಿಗೆ ಒಯ್ದಿದ್ದಾರೆಂದು ತಿಳಿದು ಯತಿಗಳು ಅಲ್ಲಿಗೇ ಹೋದರು. ಅದು ನಿಮ್ಮದೇ ಎನ್ನುವುದಕ್ಕೆ ಏನು ಗುರುತು? ಅವರು "ಬಾರೋ ನನ್ನ ಚೆಲುವಪಿಳ್ಳೆ" ಎಂದು ಕರೆದರು. ಮೂರ್ತಿ ಗೆಜ್ಜೆ ಸದ್ದು ಮಾಡುತ್ತ ನಡೆದುಬಂದು ತೊಡೆಯೇರಿ ಕೂತಿತು. ಸಂಸಾರ ಬಿಟ್ಟ ಸನ್ಯಾಸಿಗೆ ದೇವರೇ ಮಗನಾದ. ಯತಿರಾಜ ಸಂಪತ್ಕುಮಾರ ಎಂದು ಅವನನ್ನು ಈಗಲೂ ಕರೆಯುತ್ತಾರೆ. ಎಷ್ಟು ಸಲ ಹೇಳಿದ್ದರೂ ಇಲ್ಲಿ ಅಪ್ಪನ ದನಿ ಹಿಡಿದುಕೊಳ್ಳುತ್ತಿತ್ತು. ತಮ್ಮ ಅವರ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದ.

ಅಪ್ಪ ಹೋದ ವರ್ಷ ನಾವು ಬೆಟ್ಟ ಹತ್ತುವಂತಿರಲಿಲ್ಲ. ಆ ವರ್ಷವೆಲ್ಲ ನಾನೂ ಗುಮಾಸ್ತ ಮಾವನೂ ಕಟ್ಟುಗಳನ್ನು ವಾಪಸು ಕೊಟ್ಟೆವು. ನಡೆಯುತ್ತಿದ್ದ ಕೇಸುಗಳು ಕಿರಿಯ ವಕೀಲರಿಗೆ, ಮುಗಿದವು ಕಕ್ಷಿದಾರರಿಗೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ಪಡೆದವರ ರುಜು. ಅಪ್ಪ ಬಾಯಿಪಾಠ ಮಾಡಿಕೊಂಡಿದ್ದ 1872ರ ಸಾಕ್ಷ್ಯ ಕಾಯ್ದೆಯನ್ನು ಮಾತ್ರ ಯಾರೂ ಕೇಳಲಿಲ್ಲ. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದಿದೆ, ಹಳೆಯದು ನಮ್ಮ ದೇವರ ಗೂಡಿನ ಪಕ್ಕದಲ್ಲಿದೆ. ಕೊನೆಗೆ ಒಂದು ಕಟ್ಟು ಉಳಿಯಿತು. ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಅಪ್ಪನ ಕೈಬರಹ: "ಇಟ್ಟುಕೊಳ್ಳಲು ಕೊಟ್ಟಿದ್ದಾರೆ. ಬಂದಾಗ ಕೊಡುವುದು." ಜಕ್ಕನಹಳ್ಳಿ ಪಕ್ಕದ ಒಂದು ಊರಿನ ವಿಳಾಸ. ಒಳಗೆ ಹತ್ತೊಂಬತ್ತು ವರ್ಷ ಹಿಂದಿನ ಖುಲಾಸೆ ಆದೇಶ.

ಈ ಸಲ ವೈರಮುಡಿಗೆ ಹೊರಟಾಗ ಅವ್ವನೇ ಅದನ್ನು ಬ್ಯಾಗಿಗೆ ಹಾಕಿದಳು.

ದಾರಿಯುದ್ದಕ್ಕೂ ಹಬ್ಬ. ಕಿರೀಟ ಹಾದುಹೋಗುವ ಊರುಗಳಲ್ಲಿ ಬೀದಿಗೆ ನೀರು ಹಾಕಿ ರಂಗೋಲಿ, ತೋರಣ, ಪಾನಕದ ಹಂಡೆ. ಜಕ್ಕನಹಳ್ಳಿಯಲ್ಲಿ ಇಳಿದು, ಆಟೋ ಹಿಡಿದು ಆ ಮನೆ ಹುಡುಕಿದೆವು. ಮುದುಕಿ ಜಗುಲಿಯ ಮೇಲೆ ಕೂತಿದ್ದರು. ಅಪ್ಪನ ಹೆಸರು ಹೇಳಿದೆ. "ವಕೀಲಪ್ಪನ ಮಗಳಾ? ಕುಂತ್ಕಳವ್ವ" ಎಂದವರು ಅವ್ವನ ಹಣೆ ನೋಡಿ ಮಾತು ನಿಲ್ಲಿಸಿದರು. ಅವ್ವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಕಟ್ಟು ಕೊಟ್ಟಾಗ ಬಿಚ್ಚಲೂ ಇಲ್ಲ, ಮೂಸಿ ನೋಡಿದರು. "ನನ್ ಮಗನ ಕಾಗ್ದ. ಆಗ ನಮ್ದು ಸೋರೋ ಮನೆ. ಮಳೇಲಿ ನೆಂದೋದ್ರೆ ತಿರಗಾ ಪೊಲೀಸ್ನೋರು ಬಂದ್ರೆ ಏನ್ ತೋರ್ಸದು ಅಂತ ಅವರತ್ರನೇ ಮಡಗಿಸಿದ್ದೆ. ಇಷ್ಟ್ ವರ್ಸನೂ ಮಡಿಕಂಡಿದ್ರಾ?" ಆಮೇಲೆ ತಲೆ ಎತ್ತಿ ಸೂರು ತೋರಿಸಿದರು. "ಈಗ ಮೋಲ್ಡ್ ಹಾಕ್ಸವ್ನೆ. ಸೋರಕ್ಕಿಲ್ಲ."

ನೋಟ್‌ಬುಕ್ಕು ತೆಗೆದೆ. ಮಸಿಪ್ಯಾಡು ತಂದಿರಲಿಲ್ಲ. ಬಾಲ್‌ಪೆನ್ನಿನಿಂದ ಅವರ ಹೆಬ್ಬೆರಳಿಗೆ ಗೀಚಿ ಗೀಚಿ ಒತ್ತಿಸಿಕೊಂಡೆ. ಅರ್ಧವೇ ಮೂಡಿತು. ಇನ್ನೊಂದು ಸಲ ಒತ್ತಲೇ ಎಂದು ಅವರೇ ಕೇಳಿದರು. ಅಷ್ಟರಲ್ಲಿ ರಸ್ತೆ ಕಡೆಯಿಂದ ತಮಟೆ ಕೇಳಿಸಿತು.

ಬೆಟ್ಟದ ಮೇಲೆ ಕಾಲಿಡಲು ಜಾಗವಿಲ್ಲ. ಹಗಲು ಬೆಳಕು ಬೀಳಬಾರದ ಕಿರೀಟ ಅದು. ಸ್ವಾಮಿಯ ಮುಡಿ ಸೇರುವ ಮೊದಲು ಯಾರೂ ಬರಿಗಣ್ಣಿನಿಂದ ನೋಡುವಂತಿಲ್ಲ ಎನ್ನುತ್ತಾರೆ, ತೊಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರಂತೆ. ಗರುಡನ ಮೇಲೆ ಶ್ರೀದೇವಿ ಭೂದೇವಿಯರ ಜತೆ ಚಲುವರಾಯ ಹೊರಗೆ ಬಂದಾಗ ಸಾವಿರಾರು ಕೈ ಮೇಲೆದ್ದವು. ನಾನು ಕಿರೀಟ ನೋಡಲಿಲ್ಲ, ಗರುಡನನ್ನು ನೋಡಿದೆ. ದೀವಟಿಗೆಯ ಬೆಳಕಿನಲ್ಲಿ ಅವನು ಬೆವರಿದ ಹಾಗೇ ಕಂಡ. ನಗು ಬಂತು, ಕಣ್ಣೂ ತುಂಬಿತು.

ಉತ್ಸವ ಬೀದಿ ಸುತ್ತಿ ಮುಂದೆ ಹೋದ ಮೇಲೆ ಜನ ಬಸ್ಸಿಗೆ ಓಡತೊಡಗಿದರು. ಅಪ್ಪ ಯಾವತ್ತೂ ಹಾಗೆ ಹೊರಟವರಲ್ಲ. ಕಿರೀಟ ತಿರುಗಿ ಪೆಟ್ಟಿಗೆ ಸೇರಿತೆಂಬ ಸುದ್ದಿ ಹೊರಗೆ ಬರುವ ತನಕ, ಎಳೆಬಿಸಿಲಿಗೆ ಮೊದಲು, ಕಲ್ಯಾಣಿ ಮೆಟ್ಟಿಲಿನ ಮೇಲೆ ಕಾಯಿಸುವರು. ನಾವು ಮಕ್ಕಳು ಗೊಣಗುತ್ತಿದ್ದೆವು.

ಅವ್ವ ಬಸ್ಸಿನ ಕಡೆ ತಿರುಗಲಿಲ್ಲ. ಮೆಟ್ಟಿಲಿನ ಮೇಲೆ ಸೆರಗು ಹಾಸಿ ಕೂತು, ಮುತ್ತುಗದ ಎಲೆಯಲ್ಲಿ ಕಟ್ಟಿಸಿದ್ದ ಪುಳಿಯೋಗರೆ ಬಿಚ್ಚಿದಳು. "ಇನ್ನೂ ಒಳಗೋಗಿಲ್ಲ ಅನ್ಸುತ್ತೆ, ತಿನ್ನು" ಅಂದಳು.