ನಮ್ಮ ಕನ್ನಡ ಮಾಸ್ಟ್ರು, ಭಾನುವಾರದ ವಾಚಕರು

ಮಾಸ್ಟ್ರು ತೀರಿಕೊಂಡ ಸುದ್ದಿ ಬಂದ ಮೇಲೆ ಮುಂಬಯಿ ಫೋರ್ಟಿನ ನಮ್ಮ ರಾತ್ರಿಶಾಲೆಯ ಹಳೆ ಹುಡುಗರ ವಾಟ್ಸಾಪಿನಲ್ಲಿ ಅವರದೇ ಮಾತು. ಬೀಜಗಣಿತ, ಭೂಗೋಳ ಯಾರಿಗೂ ನೆನಪಿಲ್ಲ, ಅವರ ಓದು ಮಾತ್ರ ಎಲ್ಲರ ಕಿವಿಯಲ್ಲೂ ಉಳಿದಿದೆ. ಹಗಲು ಆಫೀಸು, ರಾತ್ರಿ ಹೋಟೆಲು ಹುಡುಗರಿಗೆ ಕನ್ನಡ ಪಾಠ, ಭಾನುವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬೈಬಲ್ ವಾಚನ. ಪಾದ್ರಿಯಲ್ಲ, ಸಂಸಾರಸ್ಥರು. ಕ್ರೈಸ್ತ ಧರ್ಮ ಉಳಿದದ್ದೇ ಇಂಥ ಸಂಸಾರಸ್ಥರಿಂದ ಎಂಬುದು ಅವರ ಗಟ್ಟಿ ನಂಬಿಕೆ.

ಕನ್ನಡ ಓದುವಾಗ ಸಾಲಿನ ಕೊನೆ ನುಂಗಬೇಡಿ ಎಂದು ದಿನವೂ ಹೇಳುತ್ತಿದ್ದರು. ನಮ್ಮ ಭಾಷೆಯಲ್ಲಿ ಕ್ರಿಯಾಪದವೂ ನಿಷೇಧವೂ ಬರುವುದು ಕೊನೆಗೇ. ‘ಕದಿಯಬಾರದು’ ಎನ್ನುವಲ್ಲಿ ದನಿ ಇಳಿದರೆ ಹಿಂದೆ ಕೂತವನಿಗೆ ‘ಕದಿಯ’ ಅಷ್ಟೇ ಕೇಳಿಸುತ್ತದೆ. ಭಾನುವಾರದ ಬೈಬಲ್ ಪಾಠವನ್ನು ವಾರದ ನಡುವೆಯೇ ಮೂರು ಸಲ ಗಟ್ಟಿಯಾಗಿ ಓದಬೇಕು. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಬೇಕು, ಅಪೊಲ್ಲೋಸ, ಪ್ರಿಸ್ಕಿಲ್ಲ ಮುಂತಾದ ಹೆಸರುಗಳನ್ನು ಬೇರೆಯಾಗಿ ಹೇಳಿ ನಾಲಿಗೆ ಪಳಗಿಸಬೇಕು. ಮೈಕು ಬಾಯಿಂದ ಒಂದು ಗೇಣು ದೂರ ಇರಬೇಕು. ಪಾಠ ಮುಗಿದ ಮೇಲೆ ಎರಡು ಕ್ಷಣ ಸುಮ್ಮನಿದ್ದು ಆಮೇಲೆ ‘ಪ್ರಭುವಿನ ವಾಕ್ಯ’ ಎನ್ನಬೇಕು. ಆ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯೂ ಮಾಸ್ಟ್ರಂತೆ ಸಂಸಾರಸ್ಥರೇ, ಗುಡಾರ ಮಾಡಿ ಹೊಟ್ಟೆ ಹೊರೆಯುತ್ತಿದ್ದವರು. ವಾಗ್ಮಿ ಅಪೊಲ್ಲೋಸನನ್ನು ಮನೆಗೆ ಕರೆದು ತಿದ್ದಿದವರೂ ಅವರೇ.

ಒಮ್ಮೆ, ದುಡಿದು ದಣಿದು ಬೆಂಚಿನ ಮೇಲೆ ನಿದ್ದೆಹೋದ ಹುಡುಗನ ತಲೆಗೆ ಹಿಂದಿನ ಸಾಲಿನ ತುಂಟರು ಮಡಕೆಯ ನೀರು ಸುರಿದರು. ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ’ ಎಂದು ರಾಗ ಎಳೆದು ಅವನಿಗೊಂದು ಹೊಸ ಹೆಸರೂ ಇಟ್ಟರು. ತಾನು ಕ್ರೈಸ್ತನಾಗಿಬಿಟ್ಟೆ, ಇನ್ನು ಊರಿಗೆ ಹೋಗುವ ಹಾಗಿಲ್ಲ ಎಂದು ಅವನು ಅಳತೊಡಗಿದ. ಮಾಸ್ಟ್ರು ತಮ್ಮ ಕರವಸ್ತ್ರದಿಂದಲೇ ಅವನ ತಲೆ ಒರೆಸಿದರು. “ಏನೂ ಆಗಿಲ್ಲ ಮಾರಾಯ. ತಮಾಷೆಗೆ ಮಾಡಿದ್ದು ಜ್ಞಾನಸ್ನಾನ ಅಲ್ಲ. ದೊಡ್ಡವನಾದರೆ ನೀನೇ ಬೇಕೆಂದು ಕೇಳಬೇಕು.”

ಅಂದಿನ ವ್ಯಾಕರಣ ಪಾಠ ಅಲ್ಲಿಗೇ ನಿಂತಿತು. ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಸೂಲಗಿತ್ತಿಯೂ ನರ್ಸೂ ಕೊಡಬಹುದು ಎಂದು ವಿವರಿಸಿದರು. ಕೊಡುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿರಬೇಕು. ಬರೀ ನೀರು ಸಾಕು. ಬೆರಳು ಒದ್ದೆಮಾಡಿ ಸವರಿದರೆ ಸಾಲದು, ನೀರು ತಲೆಯ ಚರ್ಮದ ಮೇಲೆ ಹರಿಯಬೇಕು. ಒಬ್ಬರು ಸುರಿದು ಇನ್ನೊಬ್ಬರು ಮಂತ್ರ ಹೇಳುವುದು ಸಾಮಾನ್ಯ ತಪ್ಪು. ಸುರಿದವರೇ, ಸುರಿಯುತ್ತಲೇ ಹೇಳಬೇಕು. ಮಗು ಬದುಕಿದರೆ ಮತ್ತೆ ಜ್ಞಾನಸ್ನಾನ ಇಲ್ಲ. ಇಗರ್ಜಿಗೆ ತಿಳಿಸಿ ದಾಖಲೆ ಪುಸ್ತಕದಲ್ಲಿ ಬರೆಸಿದರಾಯಿತು.

ಇದರಿಂದಲೇ ಒಂದು ದೇಶದ ನಂಬಿಕೆ ಉಳಿದ ಕಥೆಯನ್ನೂ ಅವರು ಹೇಳಿದರು. ನಮ್ಮ ಪಕ್ಕದ ವಸಾಯಿಯ ಗೊನ್ಸಾಲೊ ಗಾರ್ಸಿಯಾ ಸನ್ಯಾಸಿ ಸಹೋದರ, ಪಾದ್ರಿಯಲ್ಲ. 1597ರ ಫೆಬ್ರವರಿ 5ರಂದು ಜಪಾನಿನ ನಾಗಾಸಾಕಿಯಲ್ಲಿ ಶಿಲುಬೆಗೇರಿದ 26 ಮಂದಿಯಲ್ಲಿ ಅವರೂ ಒಬ್ಬರು. ಆ 26ರಲ್ಲಿ 17 ಮಂದಿ ಬಡಗಿ, ಕಮ್ಮಾರರಂಥ ಜಪಾನಿನ ಶ್ರೀಸಾಮಾನ್ಯರು. 1614ರಲ್ಲಿ ಅಲ್ಲಿ ಧರ್ಮಕ್ಕೇ ನಿಷೇಧ ಬಿತ್ತು, ಕ್ರಮೇಣ ಪಾದ್ರಿಗಳೇ ಇಲ್ಲವಾದರು. ಹಳ್ಳಿಯವರು ಕೆಲಸ ಹಂಚಿಕೊಂಡರು. ಹಬ್ಬದ ದಿನಗಳ ಲೆಕ್ಕ ಇಡಲು ಒಬ್ಬ, ಜ್ಞಾನಸ್ನಾನ ಕೊಡಲು ಇನ್ನೊಬ್ಬ. 1865ರಲ್ಲಿ ನಾಗಾಸಾಕಿಯ ಹೊಸ ಇಗರ್ಜಿಗೆ ಅವರ ಸಂತತಿಯವರು ಬಂದು, ನಿಮ್ಮ ನಂಬಿಕೆಯೇ ನಮ್ಮದು ಎಂದಾಗ ಅಲ್ಲಿದ್ದ ಫ್ರೆಂಚ್ ಪಾದ್ರಿ ಬೆರಗಾದರು. ನಮ್ಮ ಕರಾವಳಿಯ ಕಥೆಯೂ ಹೀಗೆಯೇ. 1784ರಲ್ಲಿ ಟಿಪ್ಪು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಪಾದ್ರಿಗಳನ್ನು ಗಡೀಪಾರು ಮಾಡಲಾಗಿತ್ತು. 1799ರವರೆಗೆ ಸೆರೆಯಲ್ಲಿ ಪ್ರಾರ್ಥನೆ ಉಳಿಸಿಕೊಂಡವರು ಮನೆಯ ಹಿರಿಯರೇ. ಮಂಗಳೂರು ಕಡೆಯ ಗುರ್ಕಾರರನ್ನು, ಅಂದರೆ ವಾರ್ಡಿನ ಕ್ರೈಸ್ತರ ಮುಂದಾಳುಗಳಾದ ಸಂಸಾರಸ್ಥರನ್ನು, ಬಲ್ಲವರಿಗೆ ಇದು ಹೊಸದಲ್ಲ.

ಮೇ ತಿಂಗಳಲ್ಲಿ ಬಾಂದ್ರಾದ ಗಾಂವ್ಠಾಣದ, ಅಂದರೆ ಹಳೆಯ ಊರಕೇರಿಯ, ಶಿಲುಬೆಗಳ ಮುಂದೆ ಸಂಜೆ ಜಪ ಹೇಳಿಸುವವರೂ ಅಕ್ಕಪಕ್ಕದವರೇ. ಅವುಗಳಲ್ಲಿ ಎಷ್ಟೋ ಶಿಲುಬೆಗಳು 1896ರ ಪ್ಲೇಗಿನ ನಂತರ ನಿಂತವು.

1973ರಲ್ಲಿ ರೋಮ್ ಅನುಮತಿಸಿದ ಮೇಲೆ ಶ್ರೀಸಾಮಾನ್ಯರೂ ಮನೆಯಲ್ಲಿ ಮಲಗಿದ ರೋಗಿಗಳಿಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯಬಹುದು. ಮಾಸ್ಟ್ರು ಪ್ರಸಾದದ ಡಬ್ಬಿ ಹಿಡಿದರೆ ದಾರಿಯಲ್ಲಿ ಯಾರೊಡನೆಯೂ ನಿಂತು ಮಾತಾಡುತ್ತಿರಲಿಲ್ಲ. ಮೊದಲೇ ಫೋನು ಮಾಡಿ, ನುಂಗಲು ಆಗುತ್ತದೆಯೇ ಎಂದು ಕೇಳುತ್ತಿದ್ದರು. ಮೇಜಿಗೆ ಬಿಳಿ ಬಟ್ಟೆ, ಮೇಣದಬತ್ತಿ, ಒಂದು ಲೋಟ ನೀರು ಇಟ್ಟಿರಲು ಹೇಳುತ್ತಿದ್ದರು. ಕಷ್ಟವಾದರೆ ಚಿಕ್ಕ ಚೂರು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗೂ ಇಲ್ಲ, ಆರೈಕೆ ಮಾಡುವವರಿಗೂ ಇಲ್ಲ ಎಂದು ಮನೆಯವರಿಗೆ ಧೈರ್ಯ ಹೇಳುತ್ತಿದ್ದರು.

ಇಂದು ಅದೇ ವಿದ್ಯೆಯಿಂದ ನಮ್ಮ ಪ್ಯಾರಿಷಿನ ವಾಚಕರನ್ನು ನಾನು ತಯಾರು ಮಾಡುತ್ತಿದ್ದೇನೆ, ಅವರ ಓದು ಚೆನ್ನಾಗಿದೆ ಎಂದು ಬೇರೆ ಇಗರ್ಜಿಯವರೂ ಹೇಳುತ್ತಾರೆ. ಆದರೆ ಈಗಿನ ಶಾಲೆಗಳಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿಸುವುದೇ ಕಡಿಮೆಯಾಗಿದೆ. ಪ್ರಾಜೆಕ್ಟಿಗೆ ಚಿತ್ರ ಅಂಟಿಸಿದರೆ ಅಂಕ ಸಿಗುತ್ತದೆ, ಒಂದು ಪುಟ ನಿಂತು ಓದು ಎಂದರೆ ಮಕ್ಕಳು ತಡವರಿಸುತ್ತಾರೆ. ಮಾಸ್ಟ್ರ ಹೆಸರಿನಲ್ಲಿ ದತ್ತಿ ಇಡುವ ಮಾತು ಹಳೆ ವಿದ್ಯಾರ್ಥಿ ಸಂಘದಲ್ಲಿ ನಡೆದಿದೆ. ಭಾಷಣ ಸ್ಪರ್ಧೆಗಳು ಬೇಕಾದಷ್ಟಿವೆ, ಓದುವ ಸ್ಪರ್ಧೆ ಇಡೋಣ. ಯಾವ ಧರ್ಮದ ಗ್ರಂಥವಾದರೂ ಸರಿ, ಮೈಕು ಬೇಡ, ತೀರ್ಪುಗಾರರು ಕೊನೆಯ ಬೆಂಚಿನಲ್ಲಿ ಕೂರಲಿ.